ಮೇಲೆ ಹೋದಾಗ ಎಂಜಿನ್ ನಿಂತುಹೋದ್ರೆ?

ನಾನು ಸಣ್ಣ ವಿಮಾನ ಹಾರಿಸುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ ಇದು. ಕೆಲವರು ನಗುತ್ತಾ ಕೇಳುತ್ತಾರೆ. ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡ ಮೇಲೆ ಕೇಳುವವರ ಮುಖದಲ್ಲಿ ನಗು ಇರುವುದಿಲ್ಲ.

ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲ. ಎಂಜಿನ್ ನಿಂತರೂ ರೆಕ್ಕೆ ಇದ್ದೇ ಇದೆ, ಅಲ್ವಾ? ಮೂಗು ಸ್ವಲ್ಪ ತಗ್ಗಿಸಿ ವೇಗ ಉಳಿಸಿಕೊಂಡರೆ ಜಾರುತ್ತಾ ಇಳಿಯುತ್ತದೆ. ಸೆಸ್ನಾ 172ರಂಥ ವಿಮಾನ ಒಂದು ಕಿಲೋಮೀಟರ್ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಕಿಲೋಮೀಟರ್ ಮುಂದೆ ಹೋಗಿರುತ್ತದೆ. 3,000 ಅಡಿ ಎತ್ತರದಲ್ಲಿದ್ದರೆ ಕೈಯಲ್ಲಿ ನಾಲ್ಕು ನಿಮಿಷ ಇದೆ. ಬಯಲು ಹುಡುಕಬೇಕು, ಗಾಳಿ ಎತ್ತ ಬೀಸುತ್ತಿದೆ ನೋಡಬೇಕು, ಎಂಜಿನ್ ಮತ್ತೆ ಎಬ್ಬಿಸಲು ನೋಡಬೇಕು. ನಾಲ್ಕು ನಿಮಿಷ ಕಡಿಮೆಯೇನಲ್ಲ. ಆದರೆ ಟೇಕಾಫ್ ಆದ ತಕ್ಷಣ, 300 ಅಡಿಯಲ್ಲಿ ನಿಂತರೆ ಕೆಲವೇ ಸೆಕೆಂಡು. ಆಗ ರನ್‌ವೇಗೆ ವಾಪಸ್ ತಿರುಗಬಾರದು, ಮೂಗಿನ ಮುಂದೆ ಏನಿದೆಯೋ ಅಲ್ಲೇ ಇಳಿಸಬೇಕು. ತಿರುಗಲು ಹೋಗಿ ವೇಗ ಕಳೆದುಕೊಂಡವರ ಕಥೆ ಬಹಳ ಇವೆ.

ಇಷ್ಟು ಹೇಳಿದರೆ ಕೇಳಿದವರಿಗೆ ಸಮಾಧಾನ ಆಗುತ್ತದೆ. ನನಗೆ ಆಗುವುದಿಲ್ಲ. ಎಂಜಿನ್ ಯಾಕೆ ನಿಲ್ಲುತ್ತದೆ ಅಂತ ಯಾರೂ ಕೇಳುವುದೇ ಇಲ್ಲ.

ಏನೋ ಮುರಿಯಿತು, ಏನೋ ಸಿಡಿಯಿತು ಅಂತ ಎಲ್ಲರ ಕಲ್ಪನೆ. ಅದೂ ಆಗುತ್ತದೆ. ಆದರೆ ಈ ಎಂಜಿನ್‌ಗಳು ಹಳೇ ಕಾಲದ ಗಟ್ಟಿ ಕಟ್ಟುಮಸ್ತು. ಒಂದೊಂದು ಸಿಲಿಂಡರ್‌ಗೂ ಎರಡೆರಡು ಸ್ಪಾರ್ಕ್ ಪ್ಲಗ್, ಕಿಡಿ ಕೊಡಲು ಎರಡು ಮ್ಯಾಗ್ನೆಟೊ, ಅಂದರೆ ಎಂಜಿನ್ ತಿರುಗುವುದರಿಂದಲೇ ಕರೆಂಟ್ ಹುಟ್ಟಿಸುವ ಸಾಧನ. ಬ್ಯಾಟರಿ ಪೂರ್ತಿ ಸತ್ತರೂ ಓಡುತ್ತಲೇ ಇರುತ್ತದೆ. ಇಂಥ ಎಂಜಿನ್ ಒಳ್ಳೇ ಸ್ಥಿತಿಯಲ್ಲಿರುವಾಗಲೇ ಹಸಿವಿನಿಂದ ನಿಲ್ಲುವುದುಂಟು. ಅಮೆರಿಕದ ವಿಮಾನ ಅಪಘಾತ ತನಿಖೆ ಮಾಡುವ ಎನ್‌ಟಿಎಸ್‌ಬಿ 2017ರಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. 2011ರಿಂದ 2015ರವರೆಗೆ ಇಂಧನ ನೋಡಿಕೊಳ್ಳುವುದರಲ್ಲಿ ಎಡವಿ ವರ್ಷಕ್ಕೆ ಸರಾಸರಿ 50ಕ್ಕೂ ಜಾಸ್ತಿ ಅಪಘಾತ. ಅದರಲ್ಲಿ 95%ರಲ್ಲಿ ಮನುಷ್ಯರ ತಪ್ಪಿನ ಪಾಲಿತ್ತು.

ನಾನೂ ಆ ಲೆಕ್ಕಕ್ಕೆ ಸೇರಬೇಕಿತ್ತು.

ಅವತ್ತು ನಾನು ಹಾರಿಸುತ್ತಿದ್ದದ್ದು ಪೈಪರ್ ಕಂಪನಿಯ ಸಣ್ಣ ವಿಮಾನ. ಸೆಸ್ನಾದಲ್ಲಿ ರೆಕ್ಕೆ ಮೇಲಿರುತ್ತದೆ, ಇಂಧನ ತಾನಾಗಿಯೇ ಕೆಳಗೆ ಹರಿದು ಬರುತ್ತದೆ, ಎರಡೂ ಟ್ಯಾಂಕಿನಿಂದ ಒಟ್ಟಿಗೆ ಕುಡಿಯಬಹುದು. ಪೈಪರ್‌ನ ರೆಕ್ಕೆ ಕೆಳಗೆ. ಪಂಪ್ ಎಳೆದು ಕೊಡಬೇಕು. ಯಾವ ಟ್ಯಾಂಕಿನಿಂದ ಕುಡಿಯಬೇಕು ಅಂತ ಆರಿಸುವ ಹಿಡಿ, ಅಂದರೆ ಸೆಲೆಕ್ಟರ್‌ನಲ್ಲಿ ಎಡ, ಬಲ, ಬಂದ್, ಇಷ್ಟೇ. ಅರ್ಧ ಗಂಟೆಗೊಮ್ಮೆ ಟ್ಯಾಂಕ್ ಬದಲಿಸುವುದು ನನ್ನ ಅಭ್ಯಾಸ, ಅದಕ್ಕೆ ಟೈಮರ್ ಇಟ್ಟಿದ್ದೆ. ಟೈಮರ್ ಹೊಡೆಯಿತು. ಪಕ್ಕದಲ್ಲಿದ್ದ ಗೆಳೆಯ ಏನೋ ಹೇಳುತ್ತಿದ್ದ. ಮಾತು ಮುಗಿಯಲಿ ಅಂತ ಬಟನ್ ಒತ್ತಿ ಸದ್ದು ನಿಲ್ಲಿಸಿದೆ. ಮಾತು ಮುಗಿಯಲೇ ಇಲ್ಲ.

ಆಮೇಲೆ ಎಂಜಿನ್ ಒಮ್ಮೆ ಕೆಮ್ಮಿತು. ಮತ್ತೊಮ್ಮೆ ಕೆಮ್ಮಿ ಸುಮ್ಮನಾಯಿತು. ಪ್ರೊಪೆಲ್ಲರ್ ಗಾಳಿಗೆ ಸುಮ್ನೆ ತಿರುಗುತ್ತಿತ್ತು. ಮೂಗು ತಗ್ಗಿಸಿದೆ. ಬಯಲು ಹುಡುಕಿದೆ. ಆಮೇಲೆ ಕೈ ತಾನಾಗಿಯೇ ಸೆಲೆಕ್ಟರ್‌ಗೆ ಹೋಯಿತು. ಎಲೆಕ್ಟ್ರಿಕ್ ಪಂಪ್ ಹಾಕಿ ಬಲಗಡೆ ಟ್ಯಾಂಕ್‌ಗೆ ತಿರುಗಿಸಿದೆ. ಕೆಲವು ಸೆಕೆಂಡು ಏನೂ ಆಗಲಿಲ್ಲ. ಆ ಸೆಕೆಂಡುಗಳ ಉದ್ದ ನನಗೆ ಮಾತ್ರ ಗೊತ್ತು. ಮತ್ತೆ ಸದ್ದು ಬಂತು. ಬಲ ರೆಕ್ಕೆಯಲ್ಲಿ ಒಂದೂವರೆ ಗಂಟೆಗೂ ಜಾಸ್ತಿ ಹಾರುವಷ್ಟು ಇಂಧನ ಇತ್ತು! ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದ ಕಥೆ.

ಗಾಯಕ ಜಾನ್ ಡೆನ್ವರ್ ತೀರಿಕೊಂಡದ್ದೂ ಇಂಥದ್ದೇ ಗಳಿಗೆಯಲ್ಲಿ. 1997ರ ಅಕ್ಟೋಬರ್ 12, ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿ. ಅವರು ಹೊಸದಾಗಿ ಕೊಂಡಿದ್ದ ಲಾಂಗ್-ಈಝೀ ವಿಮಾನದಲ್ಲಿ ಸೆಲೆಕ್ಟರ್ ಪೈಲಟ್‌ನ ಎಡ ಭುಜದ ಹಿಂದೆ ಇತ್ತು. ಮೂಲ ವಿನ್ಯಾಸದಲ್ಲಿ ಅಲ್ಲಿರಲಿಲ್ಲ, ಕಟ್ಟಿದವರು ಜಾಗ ಬದಲಿಸಿದ್ದರು. ಹಾರುವ ಮುಂಚೆ ಡೆನ್ವರ್ ಇಕ್ಕಳ ಸಿಕ್ಕಿಸಿ ಹಿಡಿಯನ್ನು ಉದ್ದ ಮಾಡಲು ನೋಡಿದ್ದರು, ಆಗಲಿಲ್ಲ. ಇಂಧನ ತುಂಬಿಸಲಿಲ್ಲ. ಮೇಲೆ ಹೋದಾಗ ಅದನ್ನು ತಿರುಗಿಸಲು ಹಿಂದಕ್ಕೆ ಹೊರಳುವಾಗ ಕಾಲು ಬಲ ರಡ್ಡರ್ (ಮೂಗನ್ನು ಪಕ್ಕಕ್ಕೆ ತಿರುಗಿಸುವ ಪೆಡಲ್) ಒತ್ತಿ ವಿಮಾನ ಹಿಡಿತ ತಪ್ಪಿತು ಎಂಬುದು ತನಿಖೆಯ ತೀರ್ಮಾನ. ನನ್ನ ಸೆಲೆಕ್ಟರ್ ಎಡ ಮೊಣಕಾಲಿನ ಹತ್ತಿರ, ಕೈಗೆ ಸಿಗುವಂತಿತ್ತು. ಅಷ್ಟೇ ವ್ಯತ್ಯಾಸ.

ಇಂಧನದ ಮುಳ್ಳು ನೋಡಿಕೊಂಡರೆ ಸಾಕಲ್ವಾ ಅಂತೀರಿ. ರೆಕ್ಕೆಯೊಳಗೆ ತೇಲುವ ಬುರುಡೆ, ಅದಕ್ಕೆ ಕಟ್ಟಿದ ಮುಳ್ಳು. ವಿಮಾನ ಓರೆಯಾದರೆ ಅದೂ ಓರೆ. ನಾನು ಟ್ಯಾಂಕಿಗೆ ಅಳತೆಗೋಲು ಇಳಿಸಿ ನೋಡುತ್ತೇನೆ, ಆಮೇಲೆ ಗಡಿಯಾರ ನಂಬುತ್ತೇನೆ. ಮುಚ್ಚಳ ಕೈಯಿಂದ ತಿರುಗಿಸಿ ನೋಡುತ್ತೇನೆ. ಸಡಿಲವಿದ್ದರೆ ರೆಕ್ಕೆ ಮೇಲಿನ ಕಡಿಮೆ ಒತ್ತಡ ಇಂಧನವನ್ನೇ ಹೊರಗೆ ಹೀರಿಬಿಡುತ್ತದೆ.

ನೀರಿನದು ಇನ್ನೊಂದು ಕಾಟ. ನೀರು ಭಾರ, ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಹಾರುವ ಮುಂಚೆ ತಳದಿಂದ ಒಂದು ಲೋಟ ತೆಗೆದು ಬೆಳಕಿಗೆ ಹಿಡಿಯುತ್ತೇವೆ. ಸಣ್ಣ ವಿಮಾನಕ್ಕೆ ಹಾಕುವ 100ಎಲ್‌ಎಲ್ ಪೆಟ್ರೋಲ್‌ಗೆ ನೀಲಿ ಬಣ್ಣ ಹಾಕಿರುತ್ತಾರೆ, ನೀರು ಗುಳ್ಳೆಯಂತೆ ಕೆಳಗೆ ಕೂರುತ್ತದೆ. ಇಲ್ಲೊಂದು ಮೋಸ ಇದೆ: ಲೋಟದ ತುಂಬಾ ನೀರೇ ಬಂದರೆ ಗೆರೆಯೇ ಕಾಣಿಸುವುದಿಲ್ಲ, ಎಷ್ಟು ಶುದ್ಧವಾಗಿದೆ ಅನಿಸುತ್ತದೆ. ಅದಕ್ಕೇ ಗೆರೆ ಹುಡುಕುವ ಮೊದಲು ಬಣ್ಣ ನೋಡಬೇಕು.

ಇಂಧನಕ್ಕೆ ಗಾಳಿ ಬೆರೆಸುವ ಕಾರ್ಬ್ಯುರೇಟರ್‌ನಲ್ಲಿ ಕಟ್ಟುವ ಮಂಜು ಇನ್ನೂ ಕುಯುಕ್ತಿಯದು. ಇಂಧನ ಆವಿಯಾಗುವಾಗ ಒಳಗಿನ ಗಾಳಿ 20 ಡಿಗ್ರಿಗೂ ಹೆಚ್ಚು ತಣ್ಣಗಾಗಬಹುದು. ಹೊರಗೆ ಹಿತವಾದ ಹವೆ, ತೇವ ಜಾಸ್ತಿ, ಒಳಗೆ ಮಂಜುಗಡ್ಡೆ. ಆರ್‌ಪಿಎಂ ಮೆಲ್ಲಗೆ ಕುಸಿಯುತ್ತದೆ. ಬಿಸಿಗಾಳಿಯ ನಾಬ್ ಎಳೆದರೆ ಮಂಜು ಕರಗಿ ನೀರು ಎಂಜಿನ್‌ಗೆ ಹೋಗುತ್ತದೆ, ಅದು ಇನ್ನೂ ಗಡಗಡ ನಡುಗುತ್ತದೆ. ಹೊಸಬರು ಹೆದರಿ ನಾಬ್ ವಾಪಸ್ ತಳ್ಳುತ್ತಾರೆ. ಹಲ್ಲು ಕಚ್ಚಿ ಕಾಯಬೇಕು.

ಅಮೆರಿಕದ ನಿಯಮದಲ್ಲಿ ಹಗಲು ಹಾರಾಟಕ್ಕೆ ಗಮ್ಯ ತಲುಪಿದ ಮೇಲೂ 30 ನಿಮಿಷದ ಇಂಧನ ಉಳಿದಿರಬೇಕು, ರಾತ್ರಿಗೆ 45. ನಾನು ಒಂದು ಗಂಟೆ ಇಟ್ಟುಕೊಳ್ಳುತ್ತೇನೆ. ಎದುರುಗಾಳಿ ಲೆಕ್ಕ ಕೇಳಿಕೊಂಡು ಬೀಸುವುದಿಲ್ಲವಲ್ಲ.

ಆ ಗೆಳೆಯ ಈಗಲೂ ನನ್ನ ಜೊತೆ ಬರುತ್ತಾನೆ. ಟೈಮರ್ ಈಗ ಅವನ ಮಡಿಲಲ್ಲಿರುತ್ತದೆ. ಅದು ಹೊಡೆದಾಗ ಮಾತು ಅರ್ಧಕ್ಕೆ ನಿಲ್ಲಿಸಿ ನನ್ನ ಕೈಯನ್ನೇ ನೋಡುತ್ತಾ ಕೂರುತ್ತಾನೆ, ನಾನು ಸೆಲೆಕ್ಟರ್ ತಿರುಗಿಸುವವರೆಗೆ.