ಮ್ಯಾಚಿಂಗ್ ಬ್ಲೌಸ್ ಪೀಸ್

ಈಗ ಸೀರೆ ಜೊತೆಗೇ ರವಿಕೆ ಬಟ್ಟೆ ಬರುತ್ತದೆ. ಆಗ ಎಷ್ಟೋ ಸೀರೆಗಳಿಗೆ ಅದಿರಲಿಲ್ಲ. ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಅಮ್ಮನ ಜೊತೆ ಬೆಂಗಳೂರಿನ ಕೆಂಪೇಗೌಡ ರಸ್ತೆಯ ಜನತಾ ಬಜಾರ್‌ಗೆ ಹೋಗುತ್ತಿದ್ದೆ. ಅಲ್ಲಿ ಸಿಗದಿದ್ದರೆ ಚಿಕ್ಕಪೇಟೆ.

ರವಿಕೆಗೆ ಟೂ ಬೈ ಟೂ, ರುಬಿಯಾ, ಪಾಪ್ಲಿನ್ ಬಟ್ಟೆಗಳು, ಒಳಲಂಗಕ್ಕೆ ಲಾಂಗ್‌ಕ್ಲಾತ್. ಹಸಿರೊಂದರಲ್ಲೇ ಗಿಳಿ ಹಸಿರು, ಎಲೆ ಹಸಿರು, ಬಾಟಲಿ ಹಸಿರು! ಟ್ಯೂಬ್‌ಲೈಟಿನಲ್ಲಿ ಬಣ್ಣ ಬೇರೆಯೇ ಕಾಣುತ್ತದೆ ಅಂತ ಅಮ್ಮ ಥಾನನ್ನು, ಅಂದರೆ ಬಟ್ಟೆಯ ಇಡೀ ಸುರುಳಿಯನ್ನೇ, ಬಾಗಿಲ ಹತ್ತಿರ ತರಿಸುತ್ತಿದ್ದಳು. ಬಿಸಿಲಲ್ಲಿ ಸೀರೆಯ ಅಂಚಿನ ಪಕ್ಕ ಇಟ್ಟು ನೋಡಿದ ಮೇಲೇ ಒಪ್ಪಿಗೆ. ಅಂಗಡಿಯವರಿಗೂ ಬೇಜಾರಿರಲಿಲ್ಲ, ಎಷ್ಟು ತಾಳ್ಮೆ ಅವರಿಗೆ!

"ಪನ್ನ ಎಷ್ಟು?" ಮುಂದಿನ ಪ್ರಶ್ನೆ. ಪನ್ನ ಅಂದರೆ ಬಟ್ಟೆಯ ಅಗಲ, ಅದು 36 ಇಂಚಾದರೆ ಬಟ್ಟೆ ಜಾಸ್ತಿ ಬೇಕು. ಆಮೇಲೆ ಕಬ್ಬಿಣದ ಮೀಟರ್ ಕೋಲು. ಕತ್ತರಿಯಲ್ಲಿ ಸಣ್ಣದಾಗಿ ಕತ್ತರಿಸಿ, ಪರ್ರನೆ ಹರಿದುಬಿಡುತ್ತಿದ್ದರು. ಹತ್ತಿ ಬಟ್ಟೆ ನೂಲಿನ ಗುಂಟವೇ ಹರಿಯುತ್ತದೆ ಅಲ್ವಾ, ಕತ್ತರಿಗಿಂತ ಅದೇ ನೇರ. ಮನೆಗೆ ತಂದು ನೀರಲ್ಲಿ ನೆನೆಸಿ ಒಣಗಿಸಿದ ಮೇಲೇ ಹೊಲಿಗೆ, ಇಲ್ಲದಿದ್ದರೆ ರವಿಕೆ ಮೊದಲ ಒಗೆತಕ್ಕೇ ಬಿಗಿಯಾಗುತ್ತಿತ್ತು.

ಮೊಬೈಲ್ ಪರದೆಯಲ್ಲಿ ಬಣ್ಣ ನೋಡಿ ಬಟ್ಟೆ ತರಿಸಲು ನನಗಿನ್ನೂ ಮನಸ್ಸು ಬರುವುದಿಲ್ಲ. ಕೈಯಲ್ಲಿ ಮುಟ್ಟಬೇಕು, ಬೆಳಕಿಗೆ ಹಿಡಿಯಬೇಕು. ಥಾನಿನಿಂದ ಹರಿದು ಕೊಡುವ ಒಳ್ಳೆಯ ಹತ್ತಿ ಬಟ್ಟೆ ಅಂಗಡಿ ನಿಮ್ಮ ಕಡೆ ಇದ್ದರೆ ಹೇಳಿ, ಖಂಡಿತ ಬರುತ್ತೇನೆ.