ಸೆಬುವಿನ ಹಳೆಯ ಪೇಟೆಗೆ ಒಂದು ದಿನ ಮೀಸಲಿಡಿ

ಫಿಲಿಪ್ಪೀನ್ಸ್‌ನ ಸೆಬುವಿಗೆ ಬರುವ ನಮ್ಮವರಲ್ಲಿ ಹೆಚ್ಚಿನವರು ಆ ನಗರವನ್ನು ನೋಡುವುದೇ ಇಲ್ಲ. ವಿಮಾನ ಇಳಿದವರೇ ಬೊಹೋಲ್ ದ್ವೀಪದ ದೋಣಿಗೋ ದಕ್ಷಿಣದ ಕಡಲತೀರಕ್ಕೆ ಹೋಗುವ ಬಸ್ಸಿಗೋ ಧಾವಿಸುತ್ತಾರೆ. ನನ್ನ ಅಕ್ಕನ ಮಗಳು ಅಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಅವಳ ಬೆನ್ನು ಹಿಡಿದು ಬಂದರಿನ ಪಕ್ಕದ ಹಳೆಯ ಪೇಟೆಯನ್ನು ಸುತ್ತಿದ ಮೇಲೆ ಹೇಳುತ್ತಿದ್ದೇನೆ: ಕಡಲತೀರದಲ್ಲಿ ಒಂದು ದಿನ ಕಡಿಮೆಯಾದರೂ ಚಿಂತೆಯಿಲ್ಲ, ಈ ಪೇಟೆಗೆ ಪೂರ್ತಿ ಒಂದು ದಿನ ಕೊಡಿ. ಮುಖ್ಯ ಸ್ಥಳಗಳೆಲ್ಲ ನಡೆಯುವ ದೂರದಲ್ಲಿವೆ. ಆದರೆ ಯಾವುದನ್ನು ಯಾವ ಹೊತ್ತಿಗೆ ನೋಡುತ್ತೀರಿ ಎಂಬುದು ಮುಖ್ಯ.

ಮೊದಲು ಕಾಗದಪತ್ರದ ಮಾತು ಮುಗಿಸುತ್ತೇನೆ. 2025ರ ಜೂನ್‌ನಿಂದ ಭಾರತೀಯ ಪ್ರವಾಸಿಗರು 14 ದಿನಗಳವರೆಗೆ ವೀಸಾ ಇಲ್ಲದೆ ಹೋಗಬಹುದು. ಹಿಂದಿರುಗುವ ಟಿಕೆಟ್, ವಸತಿ ಕಾದಿರಿಸಿದ ದಾಖಲೆ, ಖರ್ಚಿಗೆ ಹಣವಿದೆ ಎಂಬ ಪುರಾವೆ ಕೈಯಲ್ಲಿರಲಿ. ಅಲ್ಲಿಗೆ ತಲುಪುವುದಕ್ಕೆ ಮುಂಚಿನ 72 ಗಂಟೆಗಳ ಒಳಗೆ ಇ-ಟ್ರಾವೆಲ್ ಎಂಬ ಸರ್ಕಾರಿ ಜಾಲತಾಣದಲ್ಲಿ ನೋಂದಣಿ ಕಡ್ಡಾಯ. ಅದು ಉಚಿತ, ಹಣ ಕೇಳುವ ಜಾಲತಾಣಗಳ ಕಡೆ ತಲೆ ಹಾಕಬೇಡಿ. ಹೊರಡುವ ಮೊದಲು ನಿಯಮಗಳನ್ನು ಮತ್ತೊಮ್ಮೆ ನೋಡಿಕೊಳ್ಳಿ. ಬೆಂಗಳೂರಿನಿಂದ ಸಿಂಗಪುರದ ಮೂಲಕ ಹೋದರೆ ಮನಿಲಾಕ್ಕೆ ಹೋಗದೆಯೇ ನೇರವಾಗಿ ಸೆಬುವಿನಲ್ಲಿ ಇಳಿಯಬಹುದು.

ದಿನವನ್ನು ನಸುಕಿನಲ್ಲೇ ಕಾರ್ಬನ್ ಮಾರುಕಟ್ಟೆಯಿಂದ ಆರಂಭಿಸಿ. ನಗರದ ಅತಿ ದೊಡ್ಡ ಹಳೆಯ ಸಂತೆಪೇಟೆ ಅದು. ಅಲ್ಲಿ ಪುತೋ ಮಾಯಾ ಎಂಬ ತಿಂಡಿ ಸಿಗುತ್ತದೆ: ತೆಂಗಿನಹಾಲು, ಶುಂಠಿ ಹಾಕಿ ಬೇಯಿಸಿದ ಅಂಟು ಅಕ್ಕಿ. ಜೊತೆಗೆ ಬಿಸಿ ಬಿಸಿ ಕೋಕೋ ಪಾನೀಯ ಸಿಕ್ವಾತೆ, ಮಾವಿನ ಕಾಲವಾದರೆ ಒಂದು ಹೋಳು ಮಾವು. ಸಸ್ಯಾಹಾರಿಗಳು ಹೊಟ್ಟೆ ತುಂಬ ತಿನ್ನಬಹುದಾದ ತಿಂಡಿ ಆ ಊರಿನಲ್ಲಿ ಅಪರೂಪ, ಹಾಗಾಗಿ ಇದನ್ನು ತಪ್ಪಿಸಿಕೊಳ್ಳಬೇಡಿ.

ಅಲ್ಲಿಂದ ಸ್ವಲ್ಪ ನಡೆದರೆ ಸಾಂತೋ ನಿನ್ಯೋ ಬೆಸಿಲಿಕಾ, ಅಂದರೆ ಬಾಲ ಯೇಸುವಿನ ದೇವಾಲಯ. ಇಲ್ಲಿ ಅವಸರ ಮಾಡಬೇಡಿ. 1521ರಲ್ಲಿ ಸ್ಪೇನಿನ ಪರವಾಗಿ ಹೊರಟ ನಾವಿಕ ಮೆಗಲನ್ ಇಲ್ಲಿ ಬಂದಿಳಿದಾಗ ಸೆಬುವಿನ ದೊರೆ ಹುಮಾಬೊನ್ ಮತ್ತು ಅವನ ರಾಣಿ ಕ್ರೈಸ್ತ ದೀಕ್ಷೆ ಪಡೆದರು. ರಾಣಿಗೆ ಸಿಕ್ಕಿದ ಉಡುಗೊರೆ ಈ ಪುಟ್ಟ ವಿಗ್ರಹ. 1565ರಲ್ಲಿ ಸ್ಪೇನಿನ ದಂಡನಾಯಕ ಲೆಗಾಸ್ಪಿಯ ದಂಡು ಬಂದಾಗ ಸುಟ್ಟ ಊರಿನ ಒಂದು ಮನೆಯಲ್ಲಿ ಅದು ಸಿಕ್ಕಿತು. ಈಗಿನ ಕಲ್ಲಿನ ಕಟ್ಟಡ 18ನೇ ಶತಮಾನದ್ದು. 2013ರ ಭೂಕಂಪದಲ್ಲಿ ಕುಸಿದ ಗಂಟೆಗೋಪುರವನ್ನು ಮತ್ತೆ ಕಟ್ಟಿದ್ದಾರೆ. ಗಾಜಿನ ಪೆಟ್ಟಿಗೆಯೊಳಗಿನ ವಿಗ್ರಹದ ಮುಂದೆ ಸಾಲಿನಲ್ಲಿ ನಿಂತು, ಗಾಜನ್ನು ಮುಟ್ಟಿ ಕಣ್ಣು ಮುಚ್ಚಿಕೊಳ್ಳುವ ಜನರನ್ನು ನೋಡಿದರೆ ಇದು ಬರಿಯ ಪ್ರೇಕ್ಷಣೀಯ ಸ್ಥಳವಲ್ಲ ಎಂದು ತಿಳಿಯುತ್ತದೆ. ಭುಜ, ಮೊಣಕಾಲು ಮುಚ್ಚುವ ಉಡುಪು ಧರಿಸಿ. ಶುಕ್ರವಾರ ವಿಪರೀತ ಜನ. ಜನವರಿಯ ಮೂರನೆಯ ಭಾನುವಾರದ ಸಿನುಲೋಗ್ ಉತ್ಸವಕ್ಕೆ ಹೋಗುವವರು ವಸತಿಯನ್ನು ತಿಂಗಳುಗಳ ಮೊದಲೇ ಕಾದಿರಿಸಬೇಕು.

ಬೆಸಿಲಿಕಾದ ಪಕ್ಕದಲ್ಲೇ ಎಂಟು ಮೂಲೆಯ ಮಂಟಪದೊಳಗೆ ಮೆಗಲನ್ ಶಿಲುಬೆ ಇದೆ. ಕಾಣುವುದು ಹೊರಗಿನ ಮರದ ಕವಚ, ಮೂಲ ಶಿಲುಬೆ ಅದರೊಳಗಿದೆ ಎಂದು ಅಲ್ಲಿನ ಫಲಕ ಹೇಳುತ್ತದೆ. ತಲೆಯೆತ್ತಿ ಚಾವಣಿಯ ಚಿತ್ರಗಳನ್ನು ನೋಡಿ. ಹೊರಗೆ ಮೇಣದ ಬತ್ತಿ ಮಾರುವ ಹೆಂಗಸರು ನಿಮ್ಮ ಮನೆಯವರ ಹೆಸರು ಕೇಳಿ, ಬತ್ತಿ ಹಿಡಿದು ಹೆಜ್ಜೆ ಹಾಕುತ್ತಾ ಅವರಿಗಾಗಿ ಪ್ರಾರ್ಥಿಸುತ್ತಾರೆ. ನಮ್ಮ ಅಮ್ಮನ ಹೆಸರನ್ನು ಅವರಲ್ಲೊಬ್ಬಳು ಎಷ್ಟು ಕಾಳಜಿಯಿಂದ ಉಚ್ಚರಿಸಿದಳೆಂದರೆ, ಕೊಟ್ಟ ಪೆಸೊಗಳ ಲೆಕ್ಕ ಮನಸ್ಸಿಗೆ ಬರಲೇ ಇಲ್ಲ.

ಬಿಸಿಲೇರುವ ಮೊದಲು ಬಂದರಿನ ಕಡೆ ನಡೆದು ಸಾನ್ ಪೆದ್ರೋ ಕೋಟೆ ಮುಗಿಸಿ. ತ್ರಿಕೋನಾಕಾರದ ಚಿಕ್ಕ ಕೋಟೆ, ಮುಕ್ಕಾಲು ಗಂಟೆ ಸಾಕು. ನಡುಮಧ್ಯಾಹ್ನಕ್ಕೆ ಹತ್ತಿರದ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ಇಟ್ಟುಕೊಳ್ಳಿ. ಅಮೆರಿಕನ್ನರ ಕಾಲದ ಸುಂಕದ ಕಟ್ಟೆಯ ಕಟ್ಟಡದಲ್ಲಿ 2023ರಲ್ಲಿ ತೆರೆದ ಇದಕ್ಕೆ ಪ್ರವೇಶ ಉಚಿತ. ಸೋಮವಾರ ರಜೆ.

ನನಗೆ ಅತ್ಯಂತ ಪ್ರಿಯವಾದದ್ದು ಪರಿಯಾನ್. ಹಿಂದೆ ಚೀನೀ ವರ್ತಕರು ನೆಲೆಸಿದ್ದ ಕೇರಿ. ಅವರ ಇಗರ್ಜಿಯನ್ನು 19ನೇ ಶತಮಾನದಲ್ಲಿ ಕೆಡವಲಾಯಿತು, ಆ ಜಾಗದಲ್ಲಿ ಈಗ ಅಗ್ನಿಶಾಮಕ ಠಾಣೆ ಇದೆ. ಉಳಿದಿರುವ ಮನೆಗಳನ್ನಾದರೂ ನೋಡಿ. ಯಾಪ್-ಸಾಂದಿಯೇಗೊ ಮನೆಯ ಕೆಳಗೋಡೆ ಹವಳದ ಕಲ್ಲಿನದು, ಮೇಲಂತಸ್ತು ಮರದ್ದು, ಮಾಡಿಗೆ ಹೆಂಚು. 17ನೇ ಶತಮಾನದ ಕೊನೆಯಲ್ಲಿ ಕಟ್ಟಿದ್ದೆನ್ನುತ್ತಾರೆ. ಕಾಸಾ ಗೊರೊರ್ದೊ 19ನೇ ಶತಮಾನದ ಶ್ರೀಮಂತ ಮನೆ, ಈಗ ಅಚ್ಚುಕಟ್ಟಾದ ವಸ್ತುಸಂಗ್ರಹಾಲಯ. ಜೆಸ್ಯೂಟ್ ಪಂಥದ ಕ್ರೈಸ್ತ ಪಾದ್ರಿಗಳ ಮನೆಯೊಂದು ಬಹುಕಾಲ ಕಬ್ಬಿಣದ ಸಾಮಾನಿನ ಗೋದಾಮಿನೊಳಗೆ ಅಡಗಿತ್ತು. ಅದರ ಗೋಡೆಯಲ್ಲಿ 1730 ಎಂಬ ಇಸವಿ ಕೆತ್ತಿದೆ. ಪಕ್ಕದ ಕೊಲೋನ್ ಬೀದಿ ದೇಶದ ಅತ್ಯಂತ ಹಳೆಯ ಬೀದಿಯೆಂಬ ಹೆಸರು ಪಡೆದಿದೆ. ಅಲ್ಲಿ ಮೊಬೈಲು, ಹಣದ ಚೀಲದ ಮೇಲೆ ಗಮನವಿರಲಿ. ಕತ್ತಲಾದ ಮೇಲೆ ಅಲ್ಲಿ ಸುತ್ತಾಡಬೇಡಿ.

ಬೆಟ್ಟದ ಮೇಲಿನ ತಾವೋ ದೇವಾಲಯ ದೂರದಲ್ಲಿದೆ, ಟ್ಯಾಕ್ಸಿ ಬೇಕು. ಸಮಯವಿದ್ದರೆ ಮಾತ್ರ ಹೋಗಿ. ಮಕ್ತಾನ್ ದ್ವೀಪದ ನಾಯಕನಾಗಿದ್ದ ಲಾಪುಲಾಪುವಿನ ಪ್ರತಿಮೆಯಿರುವ ಅಲ್ಲಿನ ಸ್ಮಾರಕವನ್ನು ಮಾತ್ರ ಬಿಡಬೇಡಿ. 1521ರ ಏಪ್ರಿಲ್ 27ರಂದು ಮೆಗಲನ್ ಲಾಪುಲಾಪುವಿನ ಜನರ ಕೈಯಲ್ಲಿ ಸತ್ತದ್ದು ಆ ದ್ವೀಪದಲ್ಲಿ. ವಿಮಾನ ನಿಲ್ದಾಣವೂ ಅದೇ ದ್ವೀಪದಲ್ಲಿರುವುದರಿಂದ ಬರುವ ಅಥವಾ ಹೊರಡುವ ದಿನಕ್ಕೆ ಅದನ್ನು ಸೇರಿಸಿಕೊಳ್ಳಿ. ಅದಕ್ಕಾಗಿಯೇ ನಗರದಿಂದ ಸೇತುವೆ ದಾಟಿ ಹೋದರೆ ಅರ್ಧ ದಿನ ವಾಹನದಟ್ಟಣೆಗೆ ಹೋಗುತ್ತದೆ.

ಅಲ್ಲಿನ ಸಾರ್ವಜನಿಕ ವಾಹನವಾದ ಜೀಪ್ನಿಯಲ್ಲಿ ಒಮ್ಮೆಯಾದರೂ ಕುಳಿತುಕೊಳ್ಳಿ. ಮುಂಭಾಗದಲ್ಲಿ ಅಂಕಿ, ಅಕ್ಷರದ ಮಾರ್ಗಸಂಖ್ಯೆ ಇರುತ್ತದೆ. ಚಿಲ್ಲರೆಯನ್ನು ಪಕ್ಕದವರ ಕೈಗೆ ಕೊಟ್ಟರೆ ಕೈಯಿಂದ ಕೈಗೆ ದಾಟಿ ಚಾಲಕನಿಗೆ ತಲುಪುತ್ತದೆ. ಇಳಿಯುವಾಗ "ಲುಗಾರ್ ಲಾಂಗ್" ಎಂದರೆ ನಿಲ್ಲಿಸುತ್ತಾರೆ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಎಚ್ಚರದಿಂದಿರಬೇಕು. ಹೆಸರುಕಾಳಿನ ಸಾರಿನಲ್ಲೂ ಒಣಮೀನೋ ಹಂದಿಮಾಂಸವೋ ಸೇರಿರುತ್ತದೆ, ತರಕಾರಿಗೆ ಮೀನಿನ ರಸ ಬೀಳುತ್ತದೆ. "ವಲಾಯ್ ಕಾರ್ನೆ, ವಲಾಯ್ ಇಸ್ದಾ" (ಮಾಂಸ ಬೇಡ, ಮೀನು ಬೇಡ) ಎಂದು ಹೇಳಿ, ಸಾಸ್ ಬಗ್ಗೆ ಬೇರೆಯಾಗಿ ಕೇಳಿ. ತೆಂಗಿನಗರಿಯ ಹೆಣಿಗೆಯಲ್ಲಿ ಬೇಯಿಸಿದ ಪುಸೋ ಅನ್ನ ನಮ್ಮ ಕರಾವಳಿಯ ಮೂಡೆಯ ಹಾಗೆ, ನೆಮ್ಮದಿಯಾಗಿ ತಿನ್ನಬಹುದು. ಮನೆಯಿಂದ ಒಂದಿಷ್ಟು ಚಟ್ನಿಪುಡಿ ಒಯ್ದರೆ ಊಟದ ಚಿಂತೆ ಮುಗಿಯಿತು.

ಕೊನೆಯದಾಗಿ ದೋಣಿ. ಸೆಬು ಬಂದರಿನ ಒಂದನೇ ಕಟ್ಟೆಯಿಂದ (ಪಿಯರ್ 1) ಬೊಹೋಲ್‌ನ ತಗ್ಬಿಲರಾನ್‌ಗೆ ವೇಗದ ದೋಣಿಯಲ್ಲಿ ಸುಮಾರು ಎರಡು ಗಂಟೆ. ಟಿಕೆಟ್ಟಿನಲ್ಲಿ ಯಾವ ಕಟ್ಟೆ ಎಂದು ನೋಡಿಕೊಂಡು ಒಂದು ಗಂಟೆ ಮೊದಲೇ ತಲುಪಿ. ಚಂಡಮಾರುತದ ಸೂಚನೆ ಹೊರಬಿದ್ದರೆ ಕರಾವಳಿ ಕಾವಲು ಪಡೆ ದೋಣಿಗಳನ್ನು ನಿಲ್ಲಿಸುತ್ತದೆ. ಆದ್ದರಿಂದ ದ್ವೀಪದಿಂದ ಮರಳುವ ದಿನವೇ ವಿಮಾನ ಹತ್ತುವ ಯೋಜನೆ ಹಾಕಬೇಡಿ. ಹಳೆಯ ಪೇಟೆಯ ಸುತ್ತಾಟವನ್ನು ಆ ನಡುವಿನ ದಿನಕ್ಕೇ ಇಟ್ಟುಕೊಳ್ಳಿ.