ಚಂದ್ರನ ನಕ್ಷೆ ಇದೆ, ಸಮುದ್ರದ ತಳದ್ದು ಯಾಕಿಲ್ಲ?

ನಾನು ಸಮುದ್ರ ಸರ್ವೆ ಕೆಲಸದಲ್ಲಿದ್ದೇನೆ ಅಂತ ಗೊತ್ತಾದರೆ ಸಾಕು, ವಾಸ್ಕೋದ ಕನ್ನಡದವರು ಈ ಪ್ರಶ್ನೆ ಕೇಳುತ್ತಾರೆ. ಗೋವಾ ನೋಡಲು ಬರುವ ಹುಬ್ಬಳ್ಳಿಯ ನೆಂಟರದ್ದೂ ಇದೇ ಮಾತು: “ಚಂದ್ರನ ಮ್ಯಾಲೆ ಇಳದ್ರಿ, ಮಂಗಳನ ಫೋಟೋ ತಗದ್ರಿ. ಇಲ್ಲೇ ಕಣ್ಣೆದುರಿಗಿರೋ ಸಮುದ್ರದ ತಳ ಯಾಕ್ರೀ ಇನ್ನೂ ಪೂರ್ತಿ ಗೊತ್ತಿಲ್ಲ?”

ನನ್ನ ಉತ್ತರ ಇಷ್ಟೇ: ಅಲ್ಲಿ ಕಣ್ಣು ನಡೆಯುವುದಿಲ್ಲ, ಕಿವಿಯನ್ನೇ ನಂಬಬೇಕು.

ಚಂದ್ರನಿಗೂ ನಮಗೂ ನಡುವೆ ಇರುವುದು ಖಾಲಿ ಜಾಗ. ಬೆಳಕು, ರೇಡಿಯೋ ಅಲೆ ಎರಡೂ ಸಲೀಸಾಗಿ ಹೋಗಿ ಬರುತ್ತವೆ. ನೀರಿನಲ್ಲಿ 200 ಮೀಟರ್ ಇಳಿಯುವಷ್ಟರಲ್ಲಿ ಬಿಸಿಲು ಹೆಚ್ಚುಕಡಿಮೆ ಮುಗಿಯಿತು. 1000 ಮೀಟರ್ ಕೆಳಗೆ ಬರೀ ಕತ್ತಲೆ. ರೇಡಿಯೋ ಅಲೆಯನ್ನಂತೂ ಉಪ್ಪುನೀರು ಬೇಗ ನುಂಗಿಬಿಡುತ್ತದೆ. ಸಮುದ್ರದ ಮೇಲ್ಮೈಯ ಸಣ್ಣ ಏರಿಳಿತ ಅಳೆದು, ಕೆಳಗೆ ಬೆಟ್ಟ ಇದೆ ಅಂತ ಉಪಗ್ರಹ ಅಂದಾಜು ಹೇಳಬಹುದು. ಅದೂ ಕಿಲೋಮೀಟರುಗಟ್ಟಲೆ ಅಗಲದ ಬೆಟ್ಟವಾದರೆ ಮಾತ್ರ.

ಮೊದಲು ಇದ್ದದ್ದು ಹಗ್ಗ. 1872ರಿಂದ 1876ರವರೆಗೆ ಬ್ರಿಟನ್ನಿನ ಚಾಲೆಂಜರ್ ಹಡಗು ತೂಕ ಕಟ್ಟಿದ ಹಗ್ಗ ಇಳಿಬಿಟ್ಟು ಆಳ ಅಳೆಯುತ್ತಾ ಲೋಕ ಸುತ್ತಿತು. ಆಳದ ಕಡೆ ಒಂದು ಸಲ ಇಳಿಸಿ ಎತ್ತುವುದಕ್ಕೆ ಗಂಟೆಗಟ್ಟಲೆ ಬೇಕು. ಇಡೀ ಯಾನಕ್ಕೆ ಸಿಕ್ಕಿದ್ದು ಸುಮಾರು 500 ಜಾಗದ ಆಳ. 1925–27ರಲ್ಲಿ ಜರ್ಮನಿಯ ಮೆಟಿಯೋರ್ ಹಡಗು ಹಗ್ಗದ ಬದಲು ಶಬ್ದ ಇಳಿಬಿಟ್ಟಿತು; ಪ್ರತಿಧ್ವನಿ ವಾಪಸ್ ಬರಲು ಎಷ್ಟು ಹೊತ್ತಾಯಿತು ಅಂತ ನೋಡಿದರೆ ಆಳ ಸಿಗುತ್ತದೆ. ದಕ್ಷಿಣ ಅಟ್ಲಾಂಟಿಕ್‌ನಲ್ಲಿ 67,000ಕ್ಕೂ ಜಾಸ್ತಿ ಅಳತೆ! ನನ್ನ ಪ್ರಕಾರ ದೊಡ್ಡ ತಿರುವು ಇದೇ. 1960ರಲ್ಲಿ ಟ್ರಿಯೆಸ್ಟ್ ಅನ್ನುವ ಮುಳುಗುನೌಕೆಯಲ್ಲಿ ಕೂತು ಮರಿಯಾನಾ ಕಂದಕದ ತಳ ಮುಟ್ಟಿದ ಪಿಕಾರ್ ಮತ್ತು ವಾಲ್ಷ್ ಅವರ ಧೈರ್ಯಕ್ಕೆ ಕೈಮುಗಿಯುತ್ತೇನೆ. ಆದರೆ ಅವರಿಗೆ ಕಂಡದ್ದು ದೀಪದ ಬೆಳಕು ಬಿದ್ದಷ್ಟೇ ಜಾಗ ಅಲ್ವಾ?

ಈಗಿನ ಮಲ್ಟಿಬೀಮ್ ಸೋನಾರ್ ಅನ್ನುವ ಯಂತ್ರ ಹಡಗಿನ ತಳದಿಂದ ಎರಡೂ ಬದಿಗೆ ಶಬ್ದವನ್ನು ಹಲವು ಕಿರಣಗಳ ಹಾಗೆ ಹರಡುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. 4000 ಮೀಟರ್ ಆಳಕ್ಕೆ ಹೋಗಿ ವಾಪಸ್ ಬರಲು ಐದು ಸೆಕೆಂಡಿಗಿಂತ ಜಾಸ್ತಿ. ಒಂದು ಡಿಗ್ರಿಯ ಕಿರಣ ಅಷ್ಟು ಆಳಕ್ಕೆ ಹೋಗುವಾಗ 70 ಮೀಟರ್ ಅಗಲವಾಗಿರುತ್ತದೆ. ಅಂದರೆ ದೊಡ್ಡ ಅಪಾರ್ಟ್‌ಮೆಂಟ್ ಕಟ್ಟಡವೊಂದು ನಕ್ಷೆಯಲ್ಲಿ ಒಂದೇ ಚುಕ್ಕೆ.

ಅಷ್ಟಕ್ಕೇ ಮುಗಿಯುವುದಿಲ್ಲ. ನೀರಿನ ಬಿಸಿ, ಉಪ್ಪು, ಒತ್ತಡ ಬದಲಾದರೆ ಶಬ್ದದ ವೇಗ ಬದಲಾಗುತ್ತದೆ, ದಾರಿಯೂ ಬಾಗುತ್ತದೆ. ಹಾಗಾಗಿ ಹಡಗು ನಿಲ್ಲಿಸಿ, ಇವನ್ನೆಲ್ಲ ಅಳೆಯುವ ಸಿಟಿಡಿ ಅನ್ನುವ ಉಪಕರಣವನ್ನು ಉಕ್ಕಿನ ಕೇಬಲ್‌ಗೆ ಕಟ್ಟಿ ಇಳಿಸುತ್ತೇವೆ. ಸೆಕೆಂಡಿಗೆ ಒಂದು ಮೀಟರ್ ಲೆಕ್ಕದಲ್ಲಿ 4000 ಮೀಟರ್ ಇಳಿಯಲು ಒಂದು ಗಂಟೆ ದಾಟುತ್ತದೆ, ಮೇಲೆ ಬರಲು ಇನ್ನೂ ಅಷ್ಟು. ಡೆಕ್ ಮೇಲೆ ಸುಡು ಬಿಸಿಲು. ಉಪಕರಣದ ಜೊತೆ ಆಳದ ನೀರು ತುಂಬಿಕೊಂಡು ಮೇಲೆ ಬಂದ ಬಾಟಲಿಯ ನಲ್ಲಿ ತಿರುಗಿಸಿದರೆ ನೀರು ಫ್ರಿಜ್‌ನಿಂದ ತೆಗೆದ ಹಾಗೆ ತಣ್ಣಗೆ ಬೆರಳಿಗೆ ತಾಗುತ್ತದೆ. ಉಷ್ಣವಲಯದ ಸಮುದ್ರವಾದರೂ ತಳದಲ್ಲಿ ಎರಡು ಡಿಗ್ರಿ ಆಸುಪಾಸು!

ಇಷ್ಟೆಲ್ಲ ಯಾಕೆ ಅನ್ನುವವರಿಗೆ 2014ರಲ್ಲಿ ಕಾಣೆಯಾದ ಮಲೇಷ್ಯಾ ವಿಮಾನ ನೆನಪಿಸುತ್ತೇನೆ. ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಆಳ ಸಮುದ್ರದ ಹುಡುಕಾಟಕ್ಕೆ ಮೊದಲು ತಳದ ನಕ್ಷೆ ಮಾಡಬೇಕಾಯಿತು. ಯಾರಿಗೂ ಗೊತ್ತಿರದ ಜ್ವಾಲಾಮುಖಿಗಳು ಆಗ ಸಿಕ್ಕವು.

ನಾವೂ ಹಿಂದೆ ಬಿದ್ದಿಲ್ಲ. ಗೋವಾದ ದೋನಾ ಪಾವ್ಲಾದಲ್ಲಿರುವ ಎನ್‌ಐಓ, ಅಂದರೆ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ, ಶುರುವಾದದ್ದು 1966ರಲ್ಲಿ. ಅದರ ಗವೇಷಣಿ ಹಡಗು 1981ರ ಜನವರಿ 26ರಂದು ಸಮುದ್ರದ ತಳದಿಂದ ಲೋಹದ ಗಂಟುಗಳನ್ನು ಮೇಲೆತ್ತಿತು. ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್ ಇರುವ ಗಂಟುಗಳವು. ಇವತ್ತು ಇವುಗಳ ಅನ್ವೇಷಣೆಗೆಂದೇ ಹಿಂದೂ ಮಹಾಸಾಗರದ ನಡುವೆ ಭಾರತಕ್ಕೆ 75,000 ಚದರ ಕಿಲೋಮೀಟರ್ ಜಾಗ ಇದೆ. ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ದೊಡ್ಡದು. ಮೂವರನ್ನು 6000 ಮೀಟರ್ ಇಳಿಸುವ ಮತ್ಸ್ಯ 6000 ಮುಳುಗುನೌಕೆ ಚೆನ್ನೈನಲ್ಲಿ ತಯಾರಾಗುತ್ತಿದೆ. 80 ಮಿಲಿಮೀಟರ್ ದಪ್ಪದ ಟೈಟಾನಿಯಂ ಗೋಳ ಅದು, ಸುತ್ತ 600 ಪಟ್ಟು ವಾಯುಒತ್ತಡ ತಾಳಬೇಕು. ನನಗೂ ಹೆಮ್ಮೆಯೇ. ಆದರೂ ಹಣ ಎಲ್ಲಿಗೆ ಅಂತ ಕೇಳಿದರೆ, ಸೋನಾರ್ ಇರುವ ಹಡಗುಗಳಿಗೆ ಮೊದಲು ಅನ್ನುತ್ತೇನೆ.

2017ರಲ್ಲಿ ಲೋಕದ ಇಡೀ ಸಮುದ್ರತಳದ ನಕ್ಷೆ ಮಾಡುವ ಸೀಬೆಡ್ 2030 ಯೋಜನೆ ಶುರುವಾದಾಗ ಸರಿಯಾಗಿ ಅಳೆದಿದ್ದ ತಳ ನೂರಕ್ಕೆ 6 ಭಾಗ. ಈಗ ಕಾಲು ಭಾಗ ದಾಟಿದೆ. ಬೇರೆ ಕೆಲಸಕ್ಕೆ ಓಡಾಡುವ ಹಡಗುಗಳು ದಾರಿಯಲ್ಲಿ ಅಳೆದ ಆಳವನ್ನೂ ಈ ಯೋಜನೆ ತೆಗೆದುಕೊಳ್ಳುತ್ತದೆ. ನಮ್ಮ ಗೋವಾದ ಮುರ್ಗಾಂವ್ ಬಂದರಿಗೆ ಬರುವ ಹಡಗುಗಳಲ್ಲೂ ಆಳ ಅಳೆಯುವ ಯಂತ್ರ ಇದ್ದೇ ಇರುತ್ತದೆ. ತೀರದ ಹತ್ತಿರದ ಆ ಅಂಕಿಗಳನ್ನಾದರೂ ಅವರು ಕಳಿಸಿಕೊಡಲಿ ಅಂತ ಸಿಕ್ಕ ಕ್ಯಾಪ್ಟನ್‌ಗಳಿಗೆಲ್ಲ ಹೇಳುತ್ತಿರುತ್ತೇನೆ.